ದೇವದೂತರ ಡಾಕ್ಟರು

ಐನೂರು ವರ್ಷ ಹಳೆಯ ದೇವದೂತರನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷೆ ಮಾಡಿ, ಕನ್ನಡಕ ಹಣೆಗೇರಿಸಿ, 'ಇವರಾಗ ಒಬ್ಬನೂ ಹಾರಾಂವಲ್ಲ' ಎಂದು ತೀರ್ಪು ಕೊಟ್ಟ ಪಶುವೈದ್ಯರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಕಾಕಾ ಎಂದು ಹೇಳಿಕೊಳ್ಳಲು ಹೆಮ್ಮೆಪಡಬೇಕೋ ತಲೆ ತಗ್ಗಿಸಬೇಕೋ ಎನ್ನುವುದು ಬಹಳ ದಿನ ನನಗೇ ತೀರ್ಮಾನವಾಗಿರಲಿಲ್ಲ. ಕಥೆ ಪೂರ್ತಿ ಕೇಳಿ ನೀವೇ ಹೇಳಿ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದ ಸುತ್ತಮುತ್ತ ಮೂವತ್ತೈದು ವರ್ಷ ಸರಕಾರಿ ದನದ ಡಾಕ್ಟರಾಗಿದ್ದವರು, ಅದರಲ್ಲೂ ಕೋಳಿಗಳೆಂದರೆ ಎತ್ತಿದ ಕೈ. ಹುಟ್ಟಿದಾರಭ್ಯ ಒಂದು ಮೊಟ್ಟೆಯನ್ನೂ ಬಾಯಿಗಿಟ್ಟವರಲ್ಲ. ಆದರೆ ಮೊಟ್ಟೆಯಿಡುವವರ ಕಷ್ಟಸುಖ ಅವರಷ್ಟು ಬಲ್ಲವರು ಯಾರಿದ್ದಾರೆ? ಸತ್ಯದ ವಿಷಯದಲ್ಲಂತೂ ಮಹಾ ಮೊಂಡು. ಯಾರೋ ದೊಡ್ಡವರ ಎಮ್ಮೆಗೆ ಸುಳ್ಳು ಸರ್ಟಿಫಿಕೇಟು ಬರೆದುಕೊಡುವುದಿಲ್ಲ ಎಂದು ಹಟ ಹಿಡಿದು ಮೂರು ಸಲ ವರ್ಗವಾದವರು. ಮೂರನೆಯ ಊರಿನಲ್ಲಿ ಅದೇ ದೊಡ್ಡವರ ಇನ್ನೊಂದು ಎಮ್ಮೆ ಅವರಿಗಾಗಿ ಕಾಯುತ್ತಿತ್ತಂತೆ!

ನಿವೃತ್ತಿಯ ನಂತರ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ ಮಗಳ ಮನೆಗೆ ಬಂದು ನೆಲೆಸಿದರು. ನಾನಿರುವುದು ಕ್ಯಾಂಪ್‌ಬೆಲ್‌ನಲ್ಲಿ. ಟ್ರಾಫಿಕ್ಕು ದಯೆ ತೋರಿಸಿದರೆ ಒಂದು ಗಂಟೆಯ ದಾರಿ, ತೋರಿಸದಿದ್ದರೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಕಾಕಾನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು ಒಂದು ಶಿಕ್ಷೆ. ಫ್ರೀವೇ ಪಕ್ಕದ ದೀಪದ ಕಂಬದ ಮೇಲೆ ಗಿಡುಗ ಕೂತಿದ್ದರೆ ಸಾಕು, 'ಸ್ವಲ್ಪ ಸಾವಕಾಶ ಹೊಡಿಯವಾ, ಅದರ ಎಡಗಡೆ ಎರಡು ಪುಕ್ಕ ಉದರಿದಂಗ ಕಾಣತೈತಿ' ಎನ್ನುತ್ತಾರೆ. ಅರವತ್ತೈದು ಮೈಲಿ ವೇಗದಲ್ಲಿ ಹೋಗುವಾಗ ಯಾರಾದರೂ ಗಿಡುಗನ ಆರೋಗ್ಯ ವಿಚಾರಿಸಲು ನಿಲ್ಲುತ್ತಾರೆಯೇ? ಒಮ್ಮೆ ಪಕ್ಕದ ಮನೆಯ ಅಮೆರಿಕನ್ ದಂಪತಿಗಳು ಪ್ರೀತಿಯಿಂದ ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಕರೆದರು. ಕಾಕಾ ಬರೀ ಆಲೂಗಡ್ಡೆ ಹಾಕಿಸಿಕೊಂಡರು. ಮೇಜಿನ ಮಧ್ಯದಲ್ಲಿ ಹುರಿದಿಟ್ಟ ಟರ್ಕಿ ಕೋಳಿಯನ್ನು ಮಾತ್ರ ಬಹಳ ಹೊತ್ತು ಮರುಕದಿಂದ ನೋಡಿ, ಇಂಗ್ಲಿಷಿನಲ್ಲಿ, 'ಪಾಪ, ಇದಕ್ಕೆ ಕೀಲುನೋವು ಇತ್ತು' ಎಂದರು. ಮನೆಯಾಕೆ ಫೋರ್ಕು ಕೆಳಗಿಟ್ಟರು. ಆ ವರ್ಷ ಆ ಮನೆಯಲ್ಲಿ ಎಲ್ಲರೂ ಆಲೂಗಡ್ಡೆಯನ್ನೇ ತಿಂದರು.

ಈಗ ಕಾಕುವಿನ ವಿಷಯ. ನಮ್ಮ ಕಾಕು ಕೌದಿ ಹೊಲಿಯುವುದರಲ್ಲಿ ಇಡೀ ಓಣಿಗೆ ಹೆಸರುವಾಸಿ. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಬಣ್ಣಬಣ್ಣದ ತುಂಡು ಕೂಡಿಸಿ, ಅಕ್ಕಿಕಾಳಿನಷ್ಟು ಹೊಲಿಗೆ ಹಾಕಿದರೆಂದರೆ ಹೊದ್ದುಕೊಳ್ಳಲು ಮನಸ್ಸು ಬರುವುದಿಲ್ಲ, ಗೋಡೆಗೆ ತೂಗುಹಾಕಬೇಕು ಅನ್ನಿಸುತ್ತದೆ. ಅಂಥವರಿಗೆ ಕಳೆದ ಬೇಸಿಗೆಯಲ್ಲಿ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ನಡಿಗೆ ಮರಳಿ ಬಂತು. ಬಲಗೈ ಮಾತ್ರ ಸೋತು ಮಡಿಲಲ್ಲಿ ಬಿತ್ತು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು: ಈ ಕೆಲವು ತಿಂಗಳಲ್ಲಿ ಕೈಗೆ ಕೆಲಸ ಕೊಟ್ಟರೆ ಅದು ಬರುತ್ತದೆ, ಕೊಡದಿದ್ದರೆ ಹಾಗೇ ಉಳಿಯುತ್ತದೆ.

ವಾರಕ್ಕೆರಡು ಸಲ ಒಬ್ಬ ಥೆರಪಿಸ್ಟು ಹುಡುಗಿ ಬಂದು ಕಾಕುವಿನ ಅಂಗೈಯಲ್ಲಿ ಮೆತ್ತನೆಯ ಚೆಂಡು ಇಟ್ಟು ಹಿಚುಕಿ ಎನ್ನುತ್ತಿದ್ದಳು. ಕಾಕು ಅದನ್ನು ಎಡಗೈಯಿಂದ ತೆಗೆದು ಸೋಫಾದ ಕೆಳಗೆ ಉರುಳಿಸಿಬಿಡುತ್ತಿದ್ದರು.

'ಚೆಂಡು ಹಿಚುಕಿ ಹಿಚುಕಿ ನಾ ಏನ್ ರಸಾ ತಗೀಲಿ? ಲಿಂಬಿಹಣ್ಣರ ಕೊಟ್ಟಿದ್ರ ಚಿತ್ರಾನ್ನ ಆದ್ರೂ ಆಗ್ತಿತ್ತು!'

ನಾವು ನಗುತ್ತಿದ್ದೆವು. ಆದರೆ ಆ ನಗು ಬಹಳ ಹೊತ್ತು ಉಳಿಯುತ್ತಿರಲಿಲ್ಲ. ಏಕೆಂದರೆ ಮುಂದಿನ ಮಾತನ್ನು ಅವರು ಮೆಲ್ಲಗೆ ಹೇಳುತ್ತಿದ್ದರು: 'ನಿಮ್ಮ ಕಾಕಾ ರಿಟೈರ್ ಆದ್ರು, ನನ್ನ ಕೈನೂ ರಿಟೈರ್ ಆತು ಅಂತ ತಿಳ್ಕೋರಿ. ಬಿಡ್ರಿ ಅದನ್ನ.' ಮಗಳು ಬೇಡಿಕೊಂಡಳು, ನಾನು ರೇಗಿದೆ, ಉಪಯೋಗವಾಗಲಿಲ್ಲ. ಕಾಕಾ ಮಾತ್ರ ಒಂದು ದಿನವೂ ಒಂದು ಮಾತೂ ಹೇಳಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಒಳಗೊಳಗೇ ಕೋಪ ಬೆಳೆಯುತ್ತಿತ್ತು. ಕಂಡವರ ಕೋಳಿಯ ಕೀಲುನೋವು ಕಾಣುವ ಮನುಷ್ಯನಿಗೆ ಹೆಂಡತಿಯ ಕೈ ಕಾಣುವುದಿಲ್ಲವೇ?

ಇಂಥ ಹೊತ್ತಿನಲ್ಲಿ ಎಂಟು ವರ್ಷದ ಮೊಮ್ಮಗಳು ಸ್ಕೂಲಿನಿಂದ ಒಂದು ಚೀಟಿ ತಂದಳು. ಅವಳು ಹೋಗುವುದು ಚರ್ಚಿನವರ ಸ್ಕೂಲು. ಕ್ರಿಸ್‌ಮಸ್ ನಾಟಕದಲ್ಲಿ ಅವಳಿಗೆ ದೇವದೂತೆಯ ಪಾತ್ರ. ಮಾತು ಒಂದೂ ಇಲ್ಲ, ಹಿಂದಿನ ಸಾಲಿನಲ್ಲಿ ನಿಂತರೆ ಸಾಕು. ಹುಡುಗಿ ಮಹಾ ಸಂಕೋಚದವಳು, ಅವಳಿಗೆ ಅಷ್ಟೇ ಬೇಕಾಗಿತ್ತು. ಅವಳ ಅಮ್ಮ ಫೋನಿನಲ್ಲೇ ಒಂದು ಜೊತೆ ರೆಕ್ಕೆ ತರಿಸಿದಳು. ತಂತಿಯ ಚೌಕಟ್ಟು, ಬಿಳಿ ಜಾಳಿಗೆ ಬಟ್ಟೆ, ಅಂಚಿಗೆ ಮಿಂಚು. ಕಾಕಾ ಅದನ್ನು ಬೆಳಕಿಗೆ ಹಿಡಿದು, ಮಡಚಿ, ಬಿಡಿಸಿ, ಮೂಸಿ ನೋಡಿದರು.

'ಇದು ರೆಕ್ಕಿ ಅಲ್ಲ. ಸೊಳ್ಳಿಪರದೆ.'

'ಅಜ್ಜಾ, ಇಟ್ಸ್ ಜಸ್ಟ್ ಎ ಪ್ಲೇ!' ಎಂದಳು ಮೊಮ್ಮಗಳು.

'ನಾಟಕ ಇರಲಿ, ಏನರ ಇರಲಿ. ನನ್ನ ಮೊಮ್ಮಗಳು ಕೋಳಿ ಡಾಕ್ಟರನ ಮನಿಯಿಂದ ಹೊಂಟಾಳು. ರೆಕ್ಕಿ ತಪ್ಪಿದ್ರ ನಾ ಮಂದಿಗೆ ಹ್ಯಾಂಗ ಮುಖಾ ತೋರಸಲಿ?'

ಸೊಳ್ಳೆಪರದೆ ಬಂದ ಪೆಟ್ಟಿಗೆಯಲ್ಲೇ ವಾಪಸು ಹೋಯಿತು. ರೆಕ್ಕೆ ತಾವೇ ಮಾಡುವುದಾಗಿ ಕಾಕಾ ಘೋಷಿಸಿದರು. ಅದಕ್ಕೆ ಮೊದಲು ದೇವದೂತರ ರೆಕ್ಕೆಯ ಬಗ್ಗೆ ಆಳವಾದ ಅಧ್ಯಯನ ಆಗಬೇಕಂತೆ. ಹಳೆಯ ಇಟಲಿಯ ಚಿತ್ರಗಳು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಮ್ಯೂಸಿಯಮ್ಮಿನಲ್ಲಿವೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕರೆದುಕೊಂಡು ಹೋಗುವ ಡ್ರೈವರು ಯಾರು? ಇನ್ಯಾರು, ನಾನೇ!

ಮೊದಲ ಶನಿವಾರ. ಕಾಕಾ ಕೋಟು ಹಾಕಿ, ಕಂಕುಳಲ್ಲಿ ಛತ್ರಿ ಸಿಕ್ಕಿಸಿ, ಉದ್ದನೆಯ ನೋಟುಬುಕ್ಕು ಹಿಡಿದು ಬಂದರು. ಆಸ್ಪತ್ರೆಯ ದಿನಗಳಿಂದ ಅವರು ಕೇಸು ಬರೆಯುತ್ತಿದ್ದ ಥರದ್ದೇ ಪುಸ್ತಕ. ಎಲ್ಲ ಗೋಡೆಗಳಿಗೂ ಚಿನ್ನದ ಚೌಕಟ್ಟು, ಜನ ಪಿಸುಮಾತಿನಲ್ಲಿ ಓಡಾಡುತ್ತಿದ್ದಾರೆ. ನಮ್ಮ ಕಾಕಾ ಮೊದಲ ದೇವದೂತನ ಮುಂದೆ ನಿಂತು, ಹಳ್ಳಿಯ ದನದ ಆಸ್ಪತ್ರೆಗೆಲ್ಲ ಕೇಳಿಸುವಂಥ ದನಿಯಲ್ಲಿ ಶುರುಮಾಡಿದರು.

'ನೋಡವಾ ಇಲ್ಲಿ. ಹಕ್ಕೀದು ಕೈನ ರೆಕ್ಕಿ ಆಗಿರತೈತಿ. ಒಳಗ ಎಲುಬು ತಗದು ನೋಡಿದ್ರ ನಮ್ಮಂಗ ತೋಳು, ಮಣಿಕಟ್ಟು, ಬೆರಳು ಎಲ್ಲಾ ಅದಾವು. ಕೈ ಅಂದ್ರ ರೆಕ್ಕಿ, ರೆಕ್ಕಿ ಅಂದ್ರ ಕೈ. ಈತಗ ನೋಡು, ಕೈನೂ ಅದಾವು, ಮ್ಯಾಲ ರೆಕ್ಕಿನೂ ಅದಾವು! ಎರಡೆರಡು ಯಾರ ಕೊಟ್ರು?'

ಮುಂದಿನ ಚಿತ್ರದಲ್ಲಿ ಮೋಡದ ತುಂಬ ಗುಂಡುಗುಂಡು ಮಕ್ಕಳು, ಬೆನ್ನಿಗೆ ಗುಬ್ಬಿಯಷ್ಟು ರೆಕ್ಕೆ. ಕಾಕಾ ಒಂದೇ ಮಾತಿನಲ್ಲಿ ರೋಗ ಪತ್ತೆಹಚ್ಚಿದರು. 'ಬ್ರಾಯ್ಲರ್! ತಿನಿಸಿ ತಿನಿಸಿ ಕೆಡಿಸ್ಯಾರ. ಇವು ಹಾರೂದು ಅತ್ಲಾಗಿರಲಿ, ನಡದ್ರ ಕಾಲು ಮುರಿತಾವು.' ಇನ್ನೊಂದರಲ್ಲಿ ಬರೀ ತಲೆ, ಕುತ್ತಿಗೆಯ ಕೆಳಗೆ ನೇರವಾಗಿ ಎರಡು ರೆಕ್ಕೆ. ಕಾಕಾ ಕನ್ನಡಕ ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದರು. 'ಹೊಟ್ಟಿನ ಇಲ್ಲ. ಉಂಡದ್ದು ಎಲ್ಲಿ ಹೋಗಬೇಕು?' ಎಂದು ನನ್ನನ್ನೇ ಕೇಳಿದರು. ನಾನೇನು ಹೇಳಲಿ? ಕಂಪ್ಯೂಟರ್ ಓದಿದವಳು ನಾನು.

ಉತ್ಸಾಹದಲ್ಲಿ ಛತ್ರಿಯ ತುದಿಯಿಂದ ಒಬ್ಬ ದೇವದೂತನ ಭುಜದ ಕೀಲು ತೋರಿಸಲು ಹೋದರು ನೋಡಿ, ಎಲ್ಲೋ ಪೀಂ ಪೀಂ ಎಂದು ಕೂಗಿಕೊಂಡಿತು. ಆರಡಿ ಎತ್ತರದ ಗಾರ್ಡು ಬಂದು ನಿಂತ. ನನ್ನ ಗ್ರೀನ್ ಕಾರ್ಡು ಕಣ್ಣೆದುರು ಹಾರಿಹೋದಂತಾಯಿತು. 'ಕ್ಷಮಿಸಿ, ಇವರು ಡಾಕ್ಟರು, ಹಕ್ಕಿಗಳ ಡಾಕ್ಟರು' ಎಂದು ತೊದಲಿದೆ. ಆತ ಛತ್ರಿ ಇಸಿದುಕೊಂಡು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದ: ನನ್ನ ಹಿತ್ತಿಲಲ್ಲಿ ಮೂರು ಕೋಳಿ ಸಾಕಿದ್ದೇನೆ, ಒಂದು ಮೊಟ್ಟೆಯಿಡುವುದನ್ನು ನಿಲ್ಲಿಸಿದೆ, ಏನು ಮಾಡಲಿ? ಅರ್ಧ ಗಂಟೆ ಅಲ್ಲೇ, ಕನ್ಯೆ ಮೇರಿಯ ಕಣ್ಣೆದುರು, ಕೋಳಿಯ ಆಹಾರ, ಸುಣ್ಣದಂಶ, ಗರಿ ಉದುರುವ ಕಾಲ, ಎಲ್ಲದರ ಚರ್ಚೆ ನಡೆಯಿತು. ಮುಂದಿನ ಶನಿವಾರದಿಂದ ನಮಗೆ ರಾಜಮರ್ಯಾದೆ! ಕೋಳಿ ಮೊಟ್ಟೆಯಿಟ್ಟಿತ್ತು.

ಹೀಗೆ ನಾಲ್ಕು ಶನಿವಾರ. ನಾಲ್ಕನೆಯದರಲ್ಲಿ ಕಾಕಾ ಒಂದು ಚಿತ್ರದ ಮುಂದೆ ಸುಮ್ಮನೆ ನಿಂತುಬಿಟ್ಟರು. ಮೇರಿಗೆ ಶುಭಸುದ್ದಿ ಹೇಳಲು ಬಂದ ದೇವದೂತ ಮಂಡಿಯೂರಿದ್ದಾನೆ. ಅವನ ರೆಕ್ಕೆ ಬಿಳಿಯದಲ್ಲ. ಕೆಂಪು ಸಾಲು, ಹಳದಿ ಸಾಲು, ಹಸಿರು, ಕಡುನೀಲಿ, ಪಟ್ಟೆಪಟ್ಟೆಯಾಗಿ ಜೋಡಿಸಿಟ್ಟಂತೆ. ಕಾಕಾ ನೋಟುಬುಕ್ಕು ತೆರೆಯಲಿಲ್ಲ.

'ಇದನ್ನ ಬರದಾಂವಗ ಹಕ್ಕಿ ಗೊತ್ತಿಲ್ಲ. ಕೌದಿ ಗೊತ್ತೈತಿ' ಎಂದರು.

ನನಗೆ ತಡೆಯಲಾಗಲಿಲ್ಲ. ವಾಪಸು ಬರುವಾಗ ಬೇ ಬ್ರಿಜ್ಜಿನ ಮೇಲೆ ಬಾಯಿಬಿಟ್ಟೆ. 'ಕಾಕಾ, ಕೌದಿ ಹೊಲಿಯೋ ಕಾಕು ಮನ್ಯಾಗ ಕೈ ಮಡಲಾಗ ಇಟಗೊಂಡು ಕುಂತಾರ. ನೀವು ಇಲ್ಲಿ ಗ್ವಾಡಿ ಮ್ಯಾಲಿನವರಿಗೆ ಔಷಧ ಬರಕೋತ ತಿರಗಾಕತ್ತೀರಿ. ನಿಮಗ ಸ್ವಲ್ಪರ ಕರುಣಾ ಐತೇನು?'

ಕಾಕಾ ಕಿಟಕಿಯ ಆಚೆ ನೀರಿನ ಮೇಲಿನ ಕಡಲಹಕ್ಕಿ ನೋಡುತ್ತಿದ್ದರು. 'ಮುಂದ ನೋಡಿ ಗಾಡಿ ಹೊಡಿ' ಎಂದರು. ಅಷ್ಟೇ.

ಇನ್ನು ಪುಕ್ಕ ಬೇಕಲ್ಲ? ಆ ಹೊಣೆಯೂ ನನ್ನ ತಲೆಗೇ ಬಂತು. ರೆಡ್‌ವುಡ್ ಸಿಟಿಯಲ್ಲಿ ನಮ್ಮ ಆಫೀಸಿನ ಪಕ್ಕದ ನೀರಿನ ದಂಡೆಯಲ್ಲಿ ಹೆಬ್ಬಾತುಗಳ ಹಿಂಡೇ ಇದೆ, ಅವು ಗರಿ ಉದುರಿಸಿಕೊಂಡೇ ಓಡಾಡುತ್ತವೆ. ಲಂಚ್ ಹೊತ್ತಿನಲ್ಲಿ ನಾನು ಮೀಟಿಂಗು ತಪ್ಪಿಸಿಕೊಂಡು ಬಗ್ಗಿ ಬಗ್ಗಿ ಪುಕ್ಕ ಆರಿಸಿ ಊಟದ ಚೀಲದಲ್ಲಿ ತುಂಬತೊಡಗಿದೆ. ಮೂರನೆಯ ದಿನ ನಮ್ಮ ಟೀಮಿನ ಒಬ್ಬಳು ಗಾಬರಿಯಿಂದ ಓಡಿಬಂದು, ಈ ದೇಶದಲ್ಲಿ ಕಾಡುಹಕ್ಕಿಯ ಬಿದ್ದ ಗರಿ ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ ಎಂದಳು! ಚೀಲ ತೆಗೆದುಕೊಂಡು ಹೋಗಿ, ಒಂದೊಂದೇ ಪುಕ್ಕವನ್ನು ಇದ್ದ ಜಾಗದಲ್ಲಿ ವಾಪಸು ಇಟ್ಟುಬಂದೆ. ಬಾತುಗಳು ನನ್ನನ್ನೇ ನೋಡುತ್ತ ನಿಂತಿದ್ದವು. ಕಿಟಕಿಯಿಂದ ನನ್ನ ಮ್ಯಾನೇಜರೂ ನೋಡುತ್ತ ನಿಂತಿದ್ದರು.

'ಹೋಗ್ಲಿ ಬಿಡು' ಎಂದರು ಕಾಕಾ, ನನ್ನ ಮಾನ ಹೋದದ್ದನ್ನು ಕಿವಿಗೇ ಹಾಕಿಕೊಳ್ಳದೆ. 'ಅರಬಿ ಪುಕ್ಕ ಮಾಡೋಣು.' ಅರಬಿ ಎಂದರೆ ನಮ್ಮ ಕಡೆ ಬಟ್ಟೆ. ಕಾಕುವಿನ ಟ್ರಂಕಿನಿಂದ ಸವೆದ ಇಳಕಲ್ ಸೀರೆಗಳು ಹೊರಬಂದವು. ದಾಳಿಂಬೆ ಬಣ್ಣ, ಗಿಳಿಹಸಿರು, ನವಿಲುನೀಲಿ, ಕೆಂಪು ಸೆರಗು. ಕಾಕಾ ಕತ್ತರಿ ಹಿಡಿದು ಕಾಕು ಕೂತ ಸೋಫಾದ ಎದುರಿಗೇ ನೆಲದ ಮೇಲೆ ಕೂತರು. ಬೇರೆ ಕೋಣೆ ಇರಲಿಲ್ಲವೇ? ಇತ್ತು. ನಾಲ್ಕಿದ್ದವು.

ಮುಂದಿನ ವಾರ ನಾನು ಹೋದಾಗ ಕಾಕಾ ಹೊಲಿಗೆಗೆ ಇಳಿದಿದ್ದರು. ಅಯ್ಯೋ, ಆ ಹೊಲಿಗೆಯೇ! ಒಂದು ಮೇಲೆ, ಒಂದು ಕೆಳಗೆ, ನಡುನಡುವೆ ಗಂಟು. ಕಾಕು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

'ಅಡ್ಡ ಎಳಿಗೆ ಕತ್ತರಿ ಹಚ್ಚೀರಲ್ಲರೀ! ಅಂಚೆಲ್ಲಾ ಬಿಚಗೋತ ಹೋಗತೈತಿ.'

'ಹೌದೇನು?' ಎನ್ನುತ್ತ ಕಾಕಾ ಇನ್ನೊಂದನ್ನೂ ಅಡ್ಡಕ್ಕೇ ಕತ್ತರಿಸಿದರು.

'ಇದೇನ್ ಹೊಲಗಿರೀ? ಕುಡದ ಇರಿವಿ ನಡದಂಗ ಐತಿ!'

'ನನಗಿಷ್ಟ ಬರೂದು.'

ಕಾಕುವಿಗೆ ತಡೆಯದಾಯಿತು. 'ಕೊಡ್ರಿ ಇಲ್ಲಿ, ನನ್ನ ಸೀರಿ ಹಾಳ ಮಾಡಬ್ಯಾಡ್ರಿ' ಎಂದು ಎಡಗೈಯಿಂದ ಸೂಜಿ ಕಸಿದುಕೊಂಡರು. ಬಟ್ಟೆ ಜಾರತೊಡಗಿತು. ಜಾರುವ ಬಟ್ಟೆಯನ್ನು ಯಾವುದಾದರೂ ಕೈ ಹಿಡಿಯಬೇಕಲ್ಲ? ಬಯ್ಯುವ ಭರದಲ್ಲಿ ಅವರ ಬಲಗೈ ಮಡಿಲಿನಿಂದ ತೆವಳಿ ಬಂದು ಅದರ ಮೇಲೆ ಕೂತಿತು. ಅದನ್ನು ನಾನು ಕಂಡೆನೇ? ಇಲ್ಲ. ನನಗೆ ಕಂಡದ್ದು ಕಾಯಿಲೆಯವರ ಕೈಯಲ್ಲಿ ದುಡಿಸಿಕೊಳ್ಳುವ ಗಂಡಸು ಮಾತ್ರ. ಅದರ ಮೇಲೆ ಈ ಮಹಾಶಯರ ಹೊಸ ಹೊಸ ಶಾಸ್ತ್ರ! ಒಂದು ರೆಕ್ಕೆಗೆ ಹತ್ತು ದೊಡ್ಡ ಪುಕ್ಕ ಇರಲೇಬೇಕು. ಆಮೇಲೆ ಅದರ ಹಿಂದಿನ ಸಾಲು. ಅದರ ಮೇಲೆ ಮುಚ್ಚುಗರಿ, ಅದರ ಮೇಲೆ ಸಣ್ಣಗರಿ. ಕಾಕು ಒಂದು ಸಾಲು ಮುಗಿಸುವ ಹೊತ್ತಿಗೆ ಇವರು ಪುಸ್ತಕ ನೋಡಿ ಇನ್ನೊಂದು ಸಾಲು ಹುಡುಕಿರುತ್ತಿದ್ದರು. 'ಒಂದು ಕೋಳಿಗೂ ಇಷ್ಟು ಇರೂದಿಲ್ಲ ಕಾಕಾ!' ಎಂದು ಕೂಗಾಡಿ, ಚಹಾ ಕುಡಿಯದೆ ಎದ್ದುಹೋದೆ. ಆಮೇಲೆ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ನಾಟಕದ ದಿನ ಹೋಗದೆ ಇರಲಾಗುತ್ತದೆಯೇ? ಹೋದೆ. ರಂಗದ ಮೇಲೆ ಕುರಿ ಕಾಯುವವರು, ಕುರಿಗಳು, ಒಂಟೆಯ ವೇಷದ ಇಬ್ಬರು. ಹಿಂದಿನ ಸಾಲಿನಲ್ಲಿ ಐದು ಸೊಳ್ಳೆಪರದೆಗಳು. ಅವುಗಳ ಮಧ್ಯೆ ನಮ್ಮ ಹುಡುಗಿ, ನೆಲ ನೋಡುತ್ತ, ಬೆನ್ನಿಗೆ ಮಡಚಿದ ಗಂಟು ಹೊತ್ತು ನಿಂತಿದ್ದಾಳೆ. ಪಾಪ, ಈ ಮನುಷ್ಯನ ಹುಚ್ಚಿಗೆ ಮಗು ನಗೆಪಾಟಲಾಗುತ್ತದಲ್ಲ ಎಂದು ನನ್ನ ಜೀವ ಹಿಡಿಯಾಯಿತು. ಗಂಟೆ ಹೊಡೆಯಿತು. ಅವಳು ಸೊಂಟದ ದಾರ ಎಳೆದಳು.

ರೆಕ್ಕೆ ತೆರೆದುಕೊಂಡಿತು. ಸಾಲಿನ ಮೇಲೆ ಸಾಲು, ದಾಳಿಂಬೆ, ಹಸಿರು, ನೀಲಿ, ತುದಿಯಲ್ಲಿ ಉರಿಯುವ ಇಳಕಲ್ ಸೆರಗು! ಅಕ್ಕಪಕ್ಕದ ಐದು ಸೊಳ್ಳೆಪರದೆಗಳೂ ಅದರ ಹಿಂದೆ ಮರೆಯಾದವು. ಇಡೀ ಸಭೆ ಒಮ್ಮೆಲೇ ಆಹಾ ಎಂದಿತು. ಹುಡುಗಿ ತಲೆ ಎತ್ತಿದಳು, ಎತ್ತಿದ ತಲೆ ಇಳಿಸಲಿಲ್ಲ. ಮುಂದಿನ ಸಾಲಿನ ಹೆಂಗಸು ತಿರುಗಿ, ಎಷ್ಟು ಚೆನ್ನಾಗಿದೆ, ಹಾರಿಯೇ ಬಿಡುತ್ತಾಳೇನೋ ಅನ್ನಿಸುತ್ತದೆ ಎಂದರು. ಕಾಕಾ ಗಂಭೀರವಾಗಿ ಉತ್ತರಿಸಿದರು: 'ನೋ ಮೇಡಂ. ಚೆಸ್ಟ್ ಮಸಲ್ಸ್ ನಾಟ್ ಸಫಿಶಿಯಂಟ್.'

ನಾನು ತಲೆ ಚಚ್ಚಿಕೊಳ್ಳಬೇಕೆನ್ನುವಷ್ಟರಲ್ಲಿ ಪಕ್ಕದಲ್ಲಿ ಚಪ್ಪಾಳೆ ಕೇಳಿತು. ನಿಧಾನದ, ಮೆತ್ತನೆಯ ಚಪ್ಪಾಳೆ. ಕಾಕು! ಎರಡು ಕೈಯಿಂದ. ನಾನು ನಾಟಕ ಬಿಟ್ಟು ಆ ಕೈಗಳನ್ನೇ ನೋಡುತ್ತ ಕೂತೆ.

ಮನೆಗೆ ಬಂದ ಮೇಲೆ ಕಾಕಾ ರೆಕ್ಕೆಯನ್ನು ಗ್ಯಾರೇಜಿನಲ್ಲಿಡಲು ಹೋದರು. ನೋಟುಬುಕ್ಕು ಊಟದ ಮೇಜಿನ ಮೇಲಿತ್ತು. ನಗೋಣವೆಂದು ತೆರೆದೆ. 'ರೋಗಿ: ದೇವದೂತ, ಗಂಡೋ ಹೆಣ್ಣೋ ಸ್ಪಷ್ಟವಿಲ್ಲ. ಎಡ ರೆಕ್ಕೆ ಬಾತುಕೋಳಿಯದು, ಬಲ ರೆಕ್ಕೆ ಹದ್ದಿನದು. ಹಾರಿದರೆ ಸುತ್ತು ಹೊಡೆಯುತ್ತದೆ.' ನಗುತ್ತ ಮೊದಲ ಪುಟಕ್ಕೆ ಬಂದೆ. ತಾರೀಖು ನೋಡಿದರೆ ಅದು ನಾವು ಮ್ಯೂಸಿಯಮ್ಮಿಗೆ ಹೋಗುವ ಮೊದಲೇ ಬರೆದದ್ದು.

'ರೋಗಿ: ಹೆಣ್ಣು, ವಯಸ್ಸು ಎಪ್ಪತ್ತು. ತಕರಾರು: ಬಲ ರೆಕ್ಕೆ ಮೇಲೇಳುವುದಿಲ್ಲ. ಚೆಂಡು ಕೊಟ್ಟರೆ ಎಸೆಯುತ್ತದೆ. ಹೇಳಿದರೆ ಮುಖ ತಿರುಗಿಸುತ್ತದೆ. ಆದ್ದರಿಂದ ಹೇಳಬಾರದು. ಕೆಲಸ ಹುಡುಕಬೇಕು.'

ಹಾಳೆ ತಿರುವಿದೆ. ದೇವದೂತರ ನಡುನಡುವೆ, ಅದೇ ಗುಂಡು ಅಕ್ಷರದಲ್ಲಿ, ಆ ಒಬ್ಬ ರೋಗಿಯ ಸುದ್ದಿ.

'ಬೇಕೆಂದೇ ಸೊಟ್ಟ ಹೊಲಿದೆ. ಬೈಗುಳ ಜೋರಾಗಿದೆ. ಒಳ್ಳೆಯ ಲಕ್ಷಣ.'

'ಬಲ ಹೆಬ್ಬೆರಳು ಬಟ್ಟೆ ಒತ್ತಿ ಹಿಡಿಯಿತು. ಅಣ್ಣನ ಮಗಳು ಸಿಟ್ಟಾಗಿ ಹೋದಳು. ಇರಲಿ.'

'ಪುಕ್ಕ ಮುಗಿಯುತ್ತ ಬಂದವು. ಇನ್ನೊಂದು ಸಾಲು ಹೆಚ್ಚಿಸಿದ್ದೇನೆ. ಇಂಥ ಸಾಲು ಯಾವ ಹಕ್ಕಿಗೂ ಇಲ್ಲ.'

'ಇವತ್ತು ಬಲಗೈಯಲ್ಲಿ ಸೂಜಿ. ಮೂರು ಹೊಲಿಗೆ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.'

ಅಕ್ಷರಗಳು ಮಸುಕಾದವು. ಬೇ ಬ್ರಿಜ್ಜಿನ ಮೇಲೆ ಕರುಣೆ ಇದೆಯೇ ಎಂದು ಕೇಳಿದ ನನ್ನ ನಾಲಿಗೆಯನ್ನು ಏನು ಮಾಡಬೇಕು? ಹಿಂದಿನಿಂದ ಕಾಕುವಿನ ದನಿ ಬಂತು. 'ನಾ ಯಾವಾಗೋ ಓದೇನಿ ಅದನ್ನ.'

ನಾನು ಬೆಚ್ಚಿಬಿದ್ದೆ.

'ಎಮ್ಮಿ ಹೊಟ್ಟಿ ಕೊಯ್ದು ಹೊಲದ ಕೈ ಅದು. ಎರಡು ಪುಕ್ಕ ಹೊಲಿಯಾಕ ಬರೂದಿಲ್ಲಂದ್ರ ನಾ ನಂಬತೇನೇನು? ಪುಸ್ತಕ ತಗದು ನೋಡಿದೆ.'

'ಮತ್ತ ಸುಮ್ಮನ ಯಾಕ ಇದ್ರಿ ಕಾಕು?'

'ಜೀವನದಾಗ ಮೊದಲನೇ ಸಲ ಸುಳ್ಳ ಹೇಳಾಕತ್ತಿದ್ರು ಪಾಪ. ಕೆಡಸಬಾರದು ಅನಿಸ್ತು.'

ಅವರು ಕುರ್ಚಿ ಎಳೆದುಕೊಂಡು ಕೂತು, ನೋಟುಬುಕ್ಕು ಹತ್ತಿರ ಸರಿಸಿ, ಪೆನ್ಸಿಲನ್ನು ಬಲಗೈಗೆ ತೆಗೆದುಕೊಂಡರು. ಒಮ್ಮೆ ಜಾರಿ ಬಿತ್ತು. ಎತ್ತಿಕೊಡಲು ಹೋದರೆ ಬೇಡವೆಂದು ತಲೆಯಾಡಿಸಿ ತಾವೇ ಎತ್ತಿಕೊಂಡರು. ಲಕ್ವಾ ಹೊಡೆದ ಮೇಲೆ ಅವರು ಬರೆದ ಮೊದಲ ಅಕ್ಷರಗಳು, ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. 'ಡಾಕ್ಟರು ಸುಳ್ಳ. ರೆಕ್ಕಿ ಖರೆ.'

ಕಾಕಾ ಯಾವಾಗ ಒಳಗೆ ಬಂದರೋ ಗೊತ್ತಾಗಲಿಲ್ಲ. ಕಾಕುವಿನ ಭುಜದ ಮೇಲಿಂದ ಬಗ್ಗಿ ಓದಿದರು. ಕನ್ನಡಕ ಹಣೆಗೇರಿಸಿದರು, ಮತ್ತೆ ಇಳಿಸಿದರು, ಮತ್ತೆ ಏರಿಸಿದರು.

'ಅಕ್ಷರ ಸೊಟ್ಟ ಬಿದ್ದಾವು' ಎಂದರು. 'ಇನ್ನೊಮ್ಮೆ ಬರಿ.'

ಕಾಕು ಬೈಯುತ್ತಲೇ ಮತ್ತೆ ಬರೆಯತೊಡಗಿದರು.